ಭುಜದ ಗಂಟು ನೋವು: ಒತ್ತಿಸಿದರೆ ಸಾಕಾ, ವ್ಯಾಯಾಮವೂ ಬೇಕಾ?

ಪ್ರಶ್ನೆ: ನನಗೆ 42 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಎಂಟು ತಿಂಗಳಿಂದ ಬಲಭುಜದ ಮೇಲೆ ಗಂಟು ಕಟ್ಟಿದ ಹಾಗೆ ನೋವು. ಒತ್ತಿದರೆ ಕಿವಿ ಹಿಂದಿನಿಂದ ಕಣತಲೆವರೆಗೂ ಸೆಳೆಯುತ್ತದೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ. ವೈದ್ಯರು ಮಯೋಫೇಶಿಯಲ್ ನೋವು (ಸ್ನಾಯು ಮತ್ತು ಅದರ ಹೊದಿಕೆಯ ನೋವು) ಎಂದರು. ಮಾಲೀಶು ಮಾಡಿಸಿದರೆ ಎರಡು ದಿನ ಆರಾಮ, ಮತ್ತೆ ಅದೇ ಕಥೆ. ನೋವಿರುವಾಗ ವ್ಯಾಯಾಮ ಮಾಡಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಾಡಬಹುದು, ಮಾಡಲೇಬೇಕು. ಆದರೆ ನಿಧಾನವಾಗಿ.

ಎಕ್ಸ್‌ರೇಯಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ನಿಮ್ಮ ನೋವು ಸುಳ್ಳಲ್ಲ. ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ನಿಮ್ಮ ತೊಂದರೆ ಇರುವುದು ಕುತ್ತಿಗೆಯಿಂದ ಭುಜಕ್ಕೆ ಹರಡಿರುವ ಟ್ರೆಪೀಜಿಯಸ್ ಸ್ನಾಯುವಿನಲ್ಲಿ. ಅದರ ಒಂದು ಎಳೆ ಬಿಗಿದು ಹುರಿಯ ಹಾಗಾಗಿರುತ್ತದೆ. ಆ ಹುರಿಯಲ್ಲಿ ತೀರಾ ನೋಯುವ ಜಾಗವೇ ಟ್ರಿಗರ್ ಪಾಯಿಂಟ್. ಒತ್ತಿದ್ದು ಭುಜದಲ್ಲಿ, ನೋವು ಕಣತಲೆಯಲ್ಲಿ ಅಂದಿರಲ್ವಾ? ಅಮೆರಿಕದ ವೈದ್ಯರಾದ ಜಾನೆಟ್ ಟ್ರಾವೆಲ್ ಮತ್ತು ಡೇವಿಡ್ ಸೈಮನ್ಸ್ 1983ರಲ್ಲೇ ಈ ಹರಡುವಿಕೆಯನ್ನು ಚಿತ್ರ ಸಮೇತ ತೋರಿಸಿದ್ದಾರೆ.

ಫಿಸಿಯೋಥೆರಪಿಸ್ಟ್ ಆ ಜಾಗವನ್ನು ಬೆರಳಿನಿಂದ 30ರಿಂದ 60 ಸೆಕೆಂಡ್ ಒಂದೇ ಸಮ ಒತ್ತಿ ಹಿಡಿಯುತ್ತಾರೆ. ಹಿಡಿದಿದ್ದಂತೆಯೇ ನೋವು ಇಳಿಯಬೇಕು. ನೀವು ಹಲ್ಲು ಕಚ್ಚಿಕೊಂಡು ತಡೆಯುವಷ್ಟು ಒತ್ತಿದರೆ ಸ್ನಾಯು ಇನ್ನೂ ಜಾಸ್ತಿ ಬಿಗಿಯುತ್ತದೆ. ಯಾರ ಕೈಯಲ್ಲೂ ಕುತ್ತಿಗೆ ತಿರುಚಿ ನೆಟಿಗೆ ಮಾತ್ರ ತೆಗೆಸಬೇಡಿ, ದಯವಿಟ್ಟು. ಅಪರೂಪವಾದರೂ ಮೆದುಳಿಗೆ ಹೋಗುವ ರಕ್ತನಾಳ ಸೀಳಬಹುದು.

ಒತ್ತಿಸಿದ ಮೇಲೆ ಸುಮ್ನೆ ಬಿಟ್ಟರೆ ನೋವು ಮರಳುತ್ತದೆ. ನಿಮಗೆ ಆಗುತ್ತಿರುವುದು ಇದೇ. ಬಿಸಿನೀರಿನ ಚೀಲದಿಂದ 15 ನಿಮಿಷ ಶಾಖ ಕೊಡಿ. ಬಲಗೈಯನ್ನು ತೊಡೆಯ ಕೆಳಗೆ ಇಟ್ಟು ಕುಳಿತು, ತಲೆಯನ್ನು ಎಡಕ್ಕೆ ಮೆಲ್ಲಗೆ ವಾಲಿಸಿ. 20–30 ಸೆಕೆಂಡ್ ಹಾಗೇ ಇರಿ, ಉಸಿರು ಕಟ್ಟಬೇಡಿ. ಹೀಗೆ ಮೂರು ಸಲ, ದಿನಕ್ಕೆರಡು ಹೊತ್ತು. ಸೆಳೆತ ಇಳಿದ ಮೇಲೆ, ಎರಡೂ ಹೆಗಲ ಮೂಳೆಗಳನ್ನು ಹಿಂದಕ್ಕೆ ಸೇರಿಸಿ ಬಿಡುವುದನ್ನು 10 ಸಲ ಮಾಡಿ. ಮಾರನೆಯ ಬೆಳಿಗ್ಗೆ ನೋವು ಹೆಚ್ಚಾಗಿದ್ದರೆ ಅರ್ಧಕ್ಕಿಳಿಸಿ, ಪೂರ್ತಿ ನಿಲ್ಲಿಸಬೇಡಿ.

ಮದುವೆ ಸೀಸನ್‌ನಲ್ಲಿ ಬಿಡುವು ಸಿಗಲ್ಲ, ಗೊತ್ತು. ಆದರೂ ಅರ್ಧ ಗಂಟೆಗೊಮ್ಮೆ ಮಿಷಿನ್‌ನಿಂದ ಎದ್ದು ಭುಜ ತಿರುಗಿಸಿ. ಸೂಜಿ ಕಡೆ ಬೆಳಕು ಚೆನ್ನಾಗಿರಲಿ, ಆಗ ಕುತ್ತಿಗೆ ಅಷ್ಟು ಬಗ್ಗಲ್ಲ.

ಕೈ ಜೋಮು ಹಿಡಿದರೆ, ಕತ್ತರಿ ಜಾರಿ ಬೀಳುವಷ್ಟು ಬಲ ಕುಗ್ಗಿದರೆ, ಜ್ವರ ಬಂದರೆ ಅಥವಾ ಸುಮ್ಮನೆ ತೂಕ ಇಳಿದರೆ ವ್ಯಾಯಾಮ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಭುಜದ ನೋವಿನ ಜೊತೆ ಎದೆ ಹಿಂಡಿ ಬೆವರು ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.