ಜಾಝ್ ಸಂಗ್ರಹ: ಒಂದು ಆಲ್ಬಂನಿಂದ ಮುಂದಕ್ಕೆ

ಪ್ರಶ್ನೆ: ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಕೇಳಿದ ನಂತರ ಜಾಝ್ ಸಂಗೀತವನ್ನು ಗಂಭೀರವಾಗಿ ಕೇಳಬೇಕೆನಿಸಿದೆ. ಹತ್ತನ್ನು ಮೀರದ ಒಂದು ಸಂಗ್ರಹದಲ್ಲಿ ಯಾವ ಆಲ್ಬಂಗಳು ಇರಲೇಬೇಕು? ಹಳೆಯ ಧ್ವನಿಮುದ್ರಣಗಳ ಸಂಕಲನಗಳನ್ನು ಕೊಳ್ಳಬಹುದೇ?

ಉತ್ತರ: ನೀವು ಮೆಚ್ಚಿದ ಆಲ್ಬಂನಲ್ಲಿ ಯಾರು ಯಾರು ನುಡಿಸಿದ್ದಾರೆ ಎಂಬುದನ್ನು ಮೊದಲು ಓದಿಕೊಳ್ಳಿ. ಜಾಝ್‌ನಲ್ಲಿ ಶ್ರೇಷ್ಠ ಆಲ್ಬಂಗಳ ಪಟ್ಟಿಗಿಂತ ವಾದಕರ ಹೆಸರುಗಳೇ ಕೇಳುಗನನ್ನು ಹೆಚ್ಚು ದೂರ ಕರೆದೊಯ್ಯುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. 1959ರಲ್ಲಿ ನ್ಯೂಯಾರ್ಕ್‌ನಲ್ಲಿ ಮುದ್ರಿತವಾದ ‘ಕೈಂಡ್ ಆಫ್ ಬ್ಲೂ’ದಲ್ಲಿ ಪಿಯಾನೊ ನುಡಿಸಿದ ಬಿಲ್ ಇವಾನ್ಸ್ ಮತ್ತು ಟೆನರ್ ಸ್ಯಾಕ್ಸೊಫೋನ್ ನುಡಿಸಿದ ಜಾನ್ ಕೋಲ್ಟ್ರೇನ್, ಇಬ್ಬರೂ ಮುಂದೆ ಸ್ವಂತ ತಂಡಗಳನ್ನು ಕಟ್ಟಿ ತೀರ ಭಿನ್ನವಾದ ದಿಕ್ಕುಗಳಲ್ಲಿ ಸಾಗಿದರು.

ಇವಾನ್ಸ್ ಅವರ ‘ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’ 1961ರ ಜೂನ್ 25ರಂದು ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಜಾಝ್ ಕ್ಲಬ್‌ನಲ್ಲಿ ಶ್ರೋತೃಗಳ ಎದುರಿನಲ್ಲೇ ಮುದ್ರಿತವಾಯಿತು. ಇಲ್ಲಿ ಸ್ಕಾಟ್ ಲಾಫಾರೊ ಅವರ ಬಾಸ್ (ಮಂದ್ರ ಸ್ವರಗಳ ದೊಡ್ಡ ತಂತಿವಾದ್ಯ) ಕೇವಲ ಲಯಕ್ಕೆ ಆಸರೆಯಾಗಿ ನಿಲ್ಲದೆ, ಪಿಯಾನೊ ಹೇಳುತ್ತಿರುವಾಗಲೇ ಅದಕ್ಕೆ ಉತ್ತರ ಕೊಡುತ್ತದೆ, ಕೆಲವೊಮ್ಮೆ ಅದನ್ನು ತಡೆದು ತನ್ನ ಮಾತನ್ನು ಮುಂದಿಡುತ್ತದೆ. ಹನ್ನೊಂದು ದಿನಗಳ ಬಳಿಕ ಲಾಫಾರೊ ಕಾರು ಅಪಘಾತದಲ್ಲಿ ತೀರಿಕೊಂಡರು. ಅದೇ ದಿನದ ಇನ್ನಷ್ಟು ವಾದನ ‘ವಾಲ್ಟ್ಜ್ ಫಾರ್ ಡೆಬಿ’ಯಲ್ಲಿದೆ.

ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’ 1964ರ ಡಿಸೆಂಬರ್ 9ರಂದು ಮುದ್ರಣಗೊಂಡ, ನಾಲ್ಕು ಭಾಗಗಳ ಒಂದೇ ಕೃತಿ. ಮೊದಲ ಭಾಗದಲ್ಲಿ ಬಾಸ್ ಹಿಡಿಯುವ ನಾಲ್ಕು ಸ್ವರಗಳ ಪುಟ್ಟ ಸಂಗತಿಯನ್ನು ಕೋಲ್ಟ್ರೇನ್ ಬೇರೆ ಬೇರೆ ಶ್ರುತಿಸ್ಥಾನಗಳಿಗೆ ಒಯ್ಯುತ್ತಾರೆ. ಕೊನೆಯ ಭಾಗದಲ್ಲಿ ತಾವೇ ಬರೆದ ಪ್ರಾರ್ಥನಾ ಕವಿತೆಯ ಮಾತುಗಳನ್ನು ಸ್ಯಾಕ್ಸೊಫೋನಿನಲ್ಲಿ ನುಡಿಸುತ್ತಾರೆ. ಕವಿತೆ ಆಲ್ಬಂನೊಳಗೆ ಅಚ್ಚಾಗಿದೆ. ಅದನ್ನು ಎದುರಿಗಿಟ್ಟುಕೊಂಡೇ ಕೇಳಿ.

1959ರಲ್ಲೇ ಬಂದ ಇನ್ನೆರಡು ಆಲ್ಬಂಗಳಿಲ್ಲದೆ ಆ ವರ್ಷದ ಚಿತ್ರ ಅಪೂರ್ಣ. ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ‘ದ ಶೇಪ್ ಆಫ್ ಜಾಝ್ ಟು ಕಮ್’ನಲ್ಲಿ ಪಿಯಾನೊ ಇಲ್ಲ, ಮೊದಲೇ ಹಾಕಿಟ್ಟ ಸ್ವರಮೇಳಗಳ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ, ಅಂದರೆ ಕಾರ್ಡ್‌ಗಳ) ಚೌಕಟ್ಟನ್ನು ಬಿಟ್ಟು ರಾಗದ ಎಳೆಯನ್ನೇ ನಂಬಿ ವಾದಕರು ಮುನ್ನಡೆಯುತ್ತಾರೆ. ಮೊದಲು ಕೇಳಿದಾಗ ಒರಟೆನಿಸಿದರೆ ‘ಲೋನ್ಲಿ ವುಮನ್’ ಒಂದನ್ನೇ ಕೆಲವು ಸಲ ಕೇಳಿ. ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಅವರ ‘ಮಿಂಗಸ್ ಆ ಅಮ್’ನಲ್ಲಿರುವ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’, ಆ ವರ್ಷದ ಮಾರ್ಚ್‌ನಲ್ಲಿ ತೀರಿಕೊಂಡ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಅವರಿಗಾಗಿ ರಚಿಸಿದ ಶೋಕಗೀತೆ. ಅದರ ಹಿಂದಿನ ಪ್ರೀತಿ ಅರ್ಥವಾಗಬೇಕಾದರೆ 1937ರಿಂದ ಯಂಗ್, ಬಿಲಿ ಹಾಲಿಡೇ ಅವರ ಗಾಯನದ ಜೊತೆ ನುಡಿಸಿದ ಧ್ವನಿಮುದ್ರಣಗಳನ್ನು ಕೇಳಬೇಕು. ಪಿಯಾನೊ ವಾದಕ ಥೆಲೋನಿಯಸ್ ಮಾಂಕ್ ಅವರ ‘ಬ್ರಿಲಿಯಂಟ್ ಕಾರ್ನರ್ಸ್’ ಕೂಡ ಇರಲಿ. ಡೇವ್ ಬ್ರೂಬೆಕ್ ಅವರ ಜನಪ್ರಿಯ ‘ಟೈಮ್ ಔಟ್’ ಸೊಗಸಾದ ಆಲ್ಬಂ ಹೌದು, ಆದರೆ ಹತ್ತರ ಮಿತಿಯಲ್ಲಿ ನಾನು ಅದನ್ನು ಸೇರಿಸುವುದಿಲ್ಲ.

ಇನ್ನು ಸಂಕಲನಗಳ ವಿಷಯ. ಅವನ್ನು ಕೊಳ್ಳಬಹುದು ಎನ್ನುವುದಕ್ಕಿಂತ ಕೊಳ್ಳಲೇಬೇಕು ಎನ್ನುತ್ತೇನೆ. ಹೆಚ್ಚು ಹೊತ್ತು ನುಡಿಯುವ ಲಾಂಗ್ ಪ್ಲೇ ರೆಕಾರ್ಡ್ (ಎಲ್‌ಪಿ) ಬಂದದ್ದು 1948ರಲ್ಲಿ. ಅದಕ್ಕೂ ಮೊದಲು ಸಾಮಾನ್ಯವಾಗಿ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದ ಸುಮಾರು ಮೂರು ನಿಮಿಷಗಳಲ್ಲೇ ಜಾಝ್ ತನ್ನ ಮಹತ್ವದ ಸಾಧನೆಗಳನ್ನು ಮಾಡಿತ್ತು. ಹೀಗಾಗಿ ಆಲ್ಬಂಗಳನ್ನಷ್ಟೇ ಎಣಿಸುವ ಪಟ್ಟಿಗಳು ಆ ಕಾಲವನ್ನೇ ಕೈಬಿಡುತ್ತವೆ. 1925ರಿಂದ 1928ರವರೆಗೆ ಲೂಯಿ ಆರ್ಮ್‌ಸ್ಟ್ರಾಂಗ್ ತಮ್ಮ ಹಾಟ್ ಫೈವ್ ಮತ್ತು ಹಾಟ್ ಸೆವೆನ್ ತಂಡಗಳೊಂದಿಗೆ ಮಾಡಿದ ಮುದ್ರಣಗಳು, ಅದರಲ್ಲೂ ‘ವೆಸ್ಟ್ ಎಂಡ್ ಬ್ಲೂಸ್’ನ ಆರಂಭದಲ್ಲಿ ಟ್ರಂಪೆಟ್ ಒಂಟಿಯಾಗಿ ನುಡಿಯುವ ಭಾಗ, ಒಬ್ಬ ವಾದಕನ ಮನೋಧರ್ಮ ಏನನ್ನು ಸಾಧಿಸಬಲ್ಲದೆಂಬುದನ್ನು ತೋರಿಸಿಕೊಟ್ಟವು. ಡ್ಯೂಕ್ ಎಲಿಂಗ್ಟನ್ ವಾದ್ಯವೃಂದದ 1940ರಿಂದ 1942ರವರೆಗಿನ ಮುದ್ರಣಗಳೂ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಅವರ 1945ರಿಂದ 1948ರವರೆಗಿನ ಮುದ್ರಣಗಳೂ ಇಷ್ಟೇ ಅಗತ್ಯ. ಇಬ್ಬರಲ್ಲೂ ‘ಕೋ-ಕೋ’ ಹೆಸರಿನ ರಚನೆಯಿದ್ದರೂ ಅವು ಪರಸ್ಪರ ಸಂಬಂಧವಿಲ್ಲದ ಎರಡು ಕೃತಿಗಳು.

ಮುದ್ರಣದ ದಿನಾಂಕ ಮತ್ತು ವಾದಕರ ಹೆಸರುಗಳನ್ನು ಕೊಟ್ಟಿರುವ, ಕಾಲಾನುಕ್ರಮವನ್ನು ಪಾಲಿಸಿರುವ ಸಂಕಲನವನ್ನೇ ಆರಿಸಿ. ಹಳೆಯ ತಟ್ಟೆಯ ಸರಸರ ಸದ್ದನ್ನು ಪೂರ್ತಿ ಅಳಿಸಿದ ಪ್ರತಿಗಳಲ್ಲಿ ಅನೇಕ ವೇಳೆ ವಾದ್ಯದ ಕಾಂತಿಯೂ ಅಳಿಸಿಹೋಗಿರುತ್ತದೆ. ಪಾರ್ಕರ್ ಅವರ ಸಮಗ್ರ ಸಂಪುಟಗಳಲ್ಲಿ ಒಂದೇ ರಚನೆಯ ಹಲವು ಪ್ರಯತ್ನಗಳು ಸಾಲಾಗಿ ಬರುವುದರಿಂದ, ಆ ಕಾಲದಲ್ಲಿ ಬಿಡುಗಡೆಯಾದ ಆವೃತ್ತಿಯನ್ನು ಮೊದಲು ಚೆನ್ನಾಗಿ ಮನಸ್ಸಿಗೆ ತಂದುಕೊಂಡು, ಉಳಿದವನ್ನು ಆಮೇಲೆ ಅದರೊಂದಿಗೆ ಹೋಲಿಸಿ ಕೇಳಿ.