20:2 ಪೀಕ್ ಮುಂಚೆನೇ ಬರ್ತಿದೆ, ಕಾಲಂ ಕೆಟ್ಟಿದ್ಯಾ?

ಪ್ರಶ್ನೆ: ಸರ್, ಎಂಎಸ್ಸಿ ಪ್ರಾಜೆಕ್ಟ್‌ಗೆ ಸೀ ಅರ್ಚಿನ್ (ಮೈತುಂಬ ಮುಳ್ಳಿರೋ ಕಡಲ ಪ್ರಾಣಿ) ಗೊನಾಡಿನ (ಸಂತಾನದ ಅಂಗದ) ಕೊಬ್ಬು ತೆಗೆದು ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಫಿ, ಅಂದ್ರೆ ಕೊಬ್ಬಿನ ಆಸಿಡ್‌ಗಳನ್ನ ಕಾಲಂ ಅನ್ನೋ ಕೊಳವೆಯಲ್ಲಿ ಬೇರೆಬೇರೆ ಮಾಡೋದು) ರನ್ ಮಾಡ್ತಿದೀನಿ. 20:2 (20 ಕಾರ್ಬನ್, 2 ಡಬಲ್ ಬಾಂಡ್ ಇರೋ ಆಸಿಡ್) ಪೀಕು ಸ್ಟ್ಯಾಂಡರ್ಡ್‌ಗಿಂತ (ಹೋಲಿಸೋಕೆ ಇಟ್ಕೊಂಡಿರೋ ಗೊತ್ತಿರೋ ಸ್ಯಾಂಪಲ್) ಸ್ವಲ್ಪ ಮುಂಚೆ ಬರುತ್ತೆ, ಡಿಎಚ್‌ಎ ಅನ್ನೋ ಒಮೆಗಾ-3 ಆಸಿಡ್ ಅಂತೂ ಇಲ್ಲ ಅನ್ನೋಷ್ಟು ಕಮ್ಮಿ. ಎಲ್ಲಿ ತಪ್ಪಿದೀನಿ?

ಉತ್ತರ: ಇಪಿಎ, ಅರಾಕಿಡೋನಿಕ್ ಅನ್ನೋ ಬೇರೆ ಕೊಬ್ಬಿನ ಆಸಿಡ್‌ಗಳ ಪೀಕುಗಳು ಟೈಮಿಗೆ ಸರಿಯಾಗಿ ಬರ್ತಿದ್ರೆ ಪಾಪ ಆ ಕಾಲಂನ ಬಯ್ಬೇಡಿ. ಸ್ಟ್ಯಾಂಡರ್ಡ್‌ನಲ್ಲಿರೋ 20:2ಗೆ ಡಬಲ್ ಬಾಂಡ್ ಇರೋದು 11 ಮತ್ತು 14ನೇ ಕಾರ್ಬನ್ನಲ್ಲಿ, ಮಧ್ಯೆ ಒಂದೇ ಒಂದು ಸಿಎಚ್2. ಸೀ ಅರ್ಚಿನ್‌ದು ಹಂಗಲ್ಲ, 5 ಮತ್ತು 11, ಇಲ್ಲಾಂದ್ರೆ 5 ಮತ್ತು 13, ಅಂದ್ರೆ ಮಧ್ಯೆ ನಾಲ್ಕೋ ಆರೋ ಸಿಎಚ್2. ಹೆಸರು ಒಂದೇ 20:2, ಆದ್ರೆ ಆಸಾಮಿನೇ ಬೇರೆ.

ಇದು ಹೆಂಗಾಗುತ್ತೆ ಅಂದ್ರೆ, ಸೀ ಅರ್ಚಿನ್ ಮೈಯಲ್ಲಿ ಡೆಲ್ಟಾ-5 ಡೀಸ್ಯಾಚುರೇಸ್ ಅಂತ ಒಂದು ಎಂಜೈಮ್ ಇದೆ, 8ನೇ ಜಾಗದಲ್ಲಿ ಆಗ್ಲೇ ಬಾಂಡ್ ಇರೋ ಆಸಿಡ್ ತಗೊಂಡು 5ರಲ್ಲಿ ಇನ್ನೊಂದು ಹಾಕಿ ಅರಾಕಿಡೋನಿಕ್, ಇಪಿಎ ಮಾಡೋದು ಅದರ ಮಾಮೂಲಿ ಕೆಲ್ಸ, ಆದ್ರೆ ಅದೇನು ಅಷ್ಟು ಮಡಿವಂತ ಅಲ್ಲ, 11ರಲ್ಲಿ ಮಾತ್ರ ಬಾಂಡ್ ಇರೋ 20:1 ಸಿಕ್ರೂ 5ರಲ್ಲಿ ಒಂದು ಹಾಕೇಬಿಡುತ್ತೆ, ಮಧ್ಯೆ 8 ಖಾಲಿ ಉಳ್ಕೊಳುತ್ತೆ. ಪೈನ್ ಜಾತಿ ಮರಗಳ ಬೀಜದಲ್ಲೂ ಇಂಥದ್ದೇ 5ನೇ ಜಾಗದ ಆಸಿಡ್‌ಗಳಿವೆ, ಕಡಲ ತಳದ ಪ್ರಾಣಿಗೂ ಬೆಟ್ಟದ ಮರಕ್ಕೂ ಎತ್ತಣ ನಂಟೋ!

ಇನ್ನೊಂದು ಮಜಾ ಇದೆ. ಆಕ್ಸಿಜನ್ ಮೊದ್ಲು ಬಾಯಿ ಹಾಕೋದು ಎರಡು ಡಬಲ್ ಬಾಂಡ್ ಮಧ್ಯೆ ಒಂಟಿಯಾಗಿ ಸಿಕ್ಕಿಹಾಕ್ಕೊಂಡಿರೋ ಸಿಎಚ್2ಗೆ. ಇಪಿಎಯಲ್ಲಿ ಅಂಥವು ನಾಲ್ಕು, 5,11ರಲ್ಲಿ ಒಂದೂ ಇಲ್ಲ. ಹಾಗಾಗಿ ಸ್ಯಾಂಪಲ್ ಹೊರಗಿಟ್ಟು ಊಟಕ್ಕೆ ಹೋಗ್ಬೇಡಿ, ವಾಪಸ್ ಬರೋ ಹೊತ್ತಿಗೆ 5,11 ಆಸಿಡ್ ಹಾಗೇ ಇರುತ್ತೆ, ಇಪಿಎ ಆಕ್ಸಿಜನ್‌ಗೆ ಸಿಕ್ಕಿ ಕೆಡೋಕೆ ಶುರುವಾಗಿರುತ್ತೆ.

ಡಿಎಚ್‌ಎ ಕಮ್ಮಿ ಇರೋದು ಸಹಜನೇ. ಕೆಲ್ಪ್ ಥರದ ಕಂದು ಪಾಚಿಯಲ್ಲಿ ಇಪಿಎ, ಅರಾಕಿಡೋನಿಕ್ ಇದೆ, ಡಿಎಚ್‌ಎ ಇಲ್ಲ ಅಂದ್ರೂ ನಡೆಯುತ್ತೆ, ಅದನ್ನೇ ಮೇಯೋ ಪ್ರಾಣಿಗೆ ಎಲ್ಲಿಂದ ಬರ್ಬೇಕು? ಡಿಎಚ್‌ಎ ಬೇಕಿದ್ರೆ ಬೂತಾಯಿ ತಿನ್ನಿ.

ಗೈಡ್ ಒಪ್ಪಲ್ಲ ಅಂದ್ರೆ ಸಾಕ್ಷಿ ತೋರ್ಸಿ. ಬರೀ ಮಿಥೈಲ್ ಎಸ್ಟರ್‌ನ (ಜಿಸಿಗೆ ಹಾಕೋಕೆ ಆಸಿಡ್‌ನ ಬದಲಾಯಿಸಿದ ರೂಪ) ಮಾಸ್ ಸ್ಪೆಕ್‌ಗೆ (ಅಣು ಒಡೆದು ಚೂರುಗಳ ತೂಕ ನೋಡೋ ಯಂತ್ರ) ಹಾಕಿದ್ರೆ ಬಾಂಡ್ ಎಲ್ಲಿದೆ ಅಂತ ಗೊತ್ತಾಗಲ್ಲ, ಡಿಎಂಓಎಕ್ಸ್ ಡಿರೈವೇಟಿವ್ (ಬಾಂಡ್ ಎಲ್ಲಿದೆ ಅಂತ ತೋರಿಸೋ ಇನ್ನೊಂದು ರೂಪ) ಮಾಡಿ. ಪಕ್ಕಪಕ್ಕದ ಪೀಕುಗಳ ಅಂತರ 14 ಇರೋ ಕಡೆ 12 ಬಂದ್ರೆ ಅಲ್ಲೇ ಬಾಂಡ್, ಆದ್ರೆ 5ನೇ ಜಾಗದ್ದಕ್ಕೆ 153ರಲ್ಲಿ ಒಂದು ಪೀಕ್ ಎದ್ದು ಕಾಣುತ್ತೆ, ಮೊದ್ಲು ಅದನ್ನ ಹುಡುಕಿ.