ಕಾಲಿನ ರಕ್ತನಾಳಕ್ಕೆ ಡಾಪ್ಲರ್ ಸಾಕಾ, ಸಿಟಿ ಆಂಜಿಯೋ ಬೇಕಾ?

ಮಂಗಳೂರಿನಲ್ಲಿರುವ ನಿಮ್ಮ ಅಪ್ಪನಿಗೆ ಶುಗರ್ ಇದೆ, ನಡೆದರೆ ಮೀನಖಂಡ ಹಿಡಿಯುತ್ತದೆ. ಒಬ್ಬ ಡಾಕ್ಟರ್ ಡಾಪ್ಲರ್ (ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್) ಅಂದರು, ಇನ್ನೊಬ್ಬರು ಸಿಟಿ ಆಂಜಿಯೋ (ರಕ್ತಕ್ಕೆ ಡೈ ಹಾಕಿ ನಾಳ ನೋಡುವ ಸಿಟಿ ಸ್ಕ್ಯಾನ್) ಬರೆದರು, ಯಾವುದು ಸರಿ ಎಂದು ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ ಉಡುಪಿಯಲ್ಲಿ ನನ್ನ ಅಪ್ಪನಿಗೂ ಇದೇ ಆಗಿತ್ತು.

ಕಲ್ಸಂಕದಿಂದ ರಥಬೀದಿಗೆ ಹೋಗುವಷ್ಟರಲ್ಲಿ ಅವರು ಎರಡು ಸಲ ನಿಲ್ಲುತ್ತಿದ್ದರು. ನಿಂತರೆ ನೋವು ಮಾಯ, ನಡೆದರೆ ಮತ್ತೆ ಶುರು. ಮೊದಲು ತೋರಿಸಿದ ಕಡೆ ಸೊಂಟದ ನರ ಎಂದು ತಿಂಗಳುಗಟ್ಟಲೆ ಮಾತ್ರೆ ಕೊಟ್ಟರು. ನೆನೆದರೆ ಈಗಲೂ ಸಂಕಟ ಆಗುತ್ತದೆ. ಪಾದದ ನಾಡಿ ಮುಟ್ಟಿ ನೋಡಿ, ಕಾಲಿನ ರಕ್ತನಾಳ ಕಟ್ಟಿರಬಹುದು ಎಂದದ್ದು ಎರಡನೆಯ ಡಾಕ್ಟರ್.

ಅವರು ಸ್ಕ್ಯಾನಿಗೂ ಮೊದಲು ಕಾಲಿನ ಬಿಪಿಯನ್ನು ಕೈಯ ಬಿಪಿಯಿಂದ ಭಾಗಿಸಿದರು. 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಟ್ಟಿದೆ ಎಂದು ಲೆಕ್ಕ. ಶುಗರ್ ಇದ್ದವರಲ್ಲಿ ಕ್ಯಾಲ್ಸಿಯಂ ಕೂತು ನಾಳ ಗಟ್ಟಿಯಾಗಿರಬಹುದು, ಆಗ ಅಂಕಿ ಸುಮ್ನೆ ಜಾಸ್ತಿ ತೋರಿಸಬಹುದು. ಹಾಗಾದರೆ ಕಾಲ್ಬೆರಳಿನ ಬಿಪಿ ಅಳೆಯಲು ಕೇಳಿ.

ಡಾಪ್ಲರ್ ಸಣ್ಣ ಟೆಸ್ಟ್ ಎಂದುಕೊಳ್ಳಬೇಡಿ. ಸೂಜಿ ಇಲ್ಲ, ವಿಕಿರಣ ಇಲ್ಲ, ಖರ್ಚೂ ಕಡಿಮೆ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿ ಒತ್ತಿದರೆ ನೀರು ಚಿಮ್ಮುತ್ತದೆ ಅಲ್ವಾ? ನಾಳ ಕಿರಿದಾದ ಜಾಗದಲ್ಲಿ ರಕ್ತವೂ ಹಾಗೇ ವೇಗ ಹಿಡಿಯುತ್ತದೆ. ಆ ವೇಗವನ್ನೇ ಡಾಪ್ಲರ್ ಅಳೆಯುವುದು. ವೇಗ ದುಪ್ಪಟ್ಟಾದರೆ ನಾಳ ಸುಮಾರು ಅರ್ಧ ಮುಚ್ಚಿದೆ ಎಂದರ್ಥ. ಆದರೆ ಎಲ್ಲವೂ ಮಾಡುವವರ ಕೈಯಲ್ಲಿದೆ. ಹೊಟ್ಟೆಯೊಳಗಿನ ನಾಳ ಗ್ಯಾಸ್‌ನಿಂದ ಸರಿಯಾಗಿ ಕಾಣದೆಯೂ ಇರಬಹುದು.

ಸಿಟಿ ಆಂಜಿಯೋ ಹೊಟ್ಟೆಯಿಂದ ಪಾದದ ತನಕ ಇಡೀ ನಕ್ಷೆ ಕೊಡುತ್ತದೆ. ಆದರೆ ಅಯೋಡಿನ್ ಇರುವ ಡೈ ಹಾಕಬೇಕು. ಮೊದಲು ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ತಪ್ಪದೆ ಹೇಳಿ. ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಬೆಳ್ಳಗೆ ಹೊಳೆದು, ಮೊಣಕಾಲಿನ ಕೆಳಗಿನ ಸಣ್ಣ ನಾಳಗಳನ್ನು ಮರೆಮಾಡುತ್ತದೆ. ಅಪ್ಪನಿಗೆ ಹಾಗೇ ಆಯಿತು. ಎಂಆರ್‌ಐ ಯಂತ್ರದಲ್ಲಿ ಮಾಡುವ ಎಂಆರ್ ಆಂಜಿಯೋಗೆ ಆ ತೊಂದರೆ ಇಲ್ಲ, ವಿಕಿರಣವೂ ಇಲ್ಲ. ಪೇಸ್‌ಮೇಕರ್ ಅಥವಾ ಕಿಡ್ನಿ ತೊಂದರೆ ಇದ್ದರೆ ಮೊದಲೇ ತಿಳಿಸಬೇಕು. ತೊಡೆಸಂದಿನಿಂದ ನಳಿಕೆ ಹಾಕುವ ಆಂಜಿಯೋಗ್ರಾಮ್ ಎಲ್ಲಕ್ಕಿಂತ ಸ್ಪಷ್ಟ, ಅಲ್ಲೇ ನಾಳ ಅಗಲಿಸುವ ಬಲೂನ್ ಕೂಡ ಹಾಕಬಹುದು. ಬರೀ ನೋಡುವುದಕ್ಕೆಂದು ಅದು ಬೇಡ.

ನನ್ನ ಪ್ರಕಾರ ಡಾಪ್ಲರ್ ಮೊದಲು. ಬಲೂನೋ ಬೈಪಾಸೋ ಮಾಡುವ ಯೋಚನೆ ಇದ್ದರೆ ಮಾತ್ರ ಸಿಟಿ. "ಸಿಟಿ ನೋಡಿ ಮುಂದೆ ಏನು ಮಾಡುತ್ತೀರಿ?" ಎಂದು ಬರೆದುಕೊಟ್ಟವರನ್ನೇ ಕೇಳಿ. ಆದರೆ ರಾತ್ರಿ ಮಲಗಿದಾಗಲೂ ನೋವಿದ್ದರೆ, ಕಾಲ್ಬೆರಳಿನ ಗಾಯ ಮಾಯದಿದ್ದರೆ, ತಡಮಾಡದೆ ರಕ್ತನಾಳದ ಸರ್ಜನ್‌ಗೆ ತೋರಿಸಿ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.